ಒಬ್ಬ ಬಸವಂತಪ್ಪ, ಐದು ಕರಿ ಚೌಕ

ನನ್ನ ತಂಗಿಯ ಮೊಮ್ಮಗಳು ಹೋದ ವರ್ಷ ನರ್ಸ್ ಕೆಲಸಕ್ಕೆ ಸೇರಿದಳು. ಸರ್ಕಾರದವರು ಅವಳ ಕೈಗೆ ಒಂದು ಗಾಜಿನ ಪಾಟಿ ಕೊಟ್ಟಿದ್ದಾರೆ. ಅದರ ಮೇಲೆ ಬೆರಳಾಡಿಸಿದರೆ ಒಂದು ಮನೆಯ ಜಾತಕವೆಲ್ಲ ಹೊರಗೆ ಬರುತ್ತದಂತೆ. ಮೊನ್ನೆ ಬಂದವಳು ರೊಟ್ಟಿ ಮುರಿಯುತ್ತ ಕೇಳಿದಳು: "ಆಯೀ, ನಿಮ್ಮ ಕಾಲದಾಗ ಮನಿಮನಿ ಮಾಹಿತಿ ಹೆಂಗ ತರತಿದ್ರಿ?"

"ಮಾಹಿತಿ ಕೇಳಾಕ ಹೋಗಿ ಬೈಗಳ ಹೊತ್ಕೊಂಡು ಬರತಿದ್ವೆವ್ವಾ," ಅಂದೆ. ನಗೆಚಾಟಿಕೆ ಅಂದುಕೊಂಡಳು. ಖರೇ ಹೇಳಿದ್ದೆ. ಅವಳೂ ಅವಳ ವಾರಗೆಯವರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಎಷ್ಟು ಬಂತು ಎನ್ನುವುದು ಪೆನ್ಶನ್ ಕಾಗದಕ್ಕೆ ಗೊತ್ತು, ನನಗೆ ನೆನಪಿಲ್ಲ. ನೆನಪಿರುವುದು ನನ್ನ ತಪ್ಪುಗಳು. ಅವುಗಳಲ್ಲಿ ಒಂದು ಎಷ್ಟು ದೊಡ್ಡದೆಂದರೆ, ಅದರಿಂದ ಒಂದು ಹುಡುಗಿಯ ಲಗ್ನ ಮುರಿಯುವುದರಲ್ಲಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ತಾಲೂಕಿನ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಹೆಸರು ಶಾಂತಾಬಾಯಿ, ಊರವರ ಬಾಯಲ್ಲಿ ನರ್ಸಬಾಯಿ. ಹೆರಿಗೆ ಮಾಡಿಸುವುದು, ಸೂಜಿ ಚುಚ್ಚುವುದು, ಎರಡು ಮಕ್ಕಳು ಸಾಕು ಎಂದು ಹೇಳಿ ಅತ್ತೆಯರ ಕೈಯಲ್ಲಿ ಬೈಸಿಕೊಳ್ಳುವುದು, ಇದಿಷ್ಟು ನನ್ನ ಕೆಲಸ. ಇಂಥದ್ದರಲ್ಲಿ ಮೈಸೂರು ಕಡೆಯ ಒಬ್ಬ ಡಾಕ್ಟರು ವರ್ಗವಾಗಿ ಬಂದರು. ರಂಗಸ್ವಾಮಿ ಎಂದು ಹೆಸರು. ತೆಳ್ಳಗೆ ಬೆಳ್ಳಗೆ, ಮಾತು ಎಷ್ಟು ಮೆತ್ತಗೆಂದರೆ ಅವರು ಬೈದರೂ ನಮಗೆ ಹೊಗಳಿದ ಹಾಗೆ ಕೇಳುತ್ತಿತ್ತು. ನಾವು "ಊಟ ಆತ್ರಿ?" ಎಂದರೆ ಜಗಳಕ್ಕೆ ಬಂದರೇನೋ ಎಂದು ಅವರು ಹಿಂದೆ ಸರಿಯುತ್ತಿದ್ದರು.

ಅವರ ತಲೆಯಲ್ಲಿ ಒಂದೇ ಪ್ರಶ್ನೆ. ಒಂದೇ ಅಂಗಡಿ, ಒಂದೇ ಬಾಟಲಿ, ನಾಲ್ಕು ಮಂದಿ ಗೆಳೆಯರು. ಮೂವರು ಹಬ್ಬಕ್ಕೊಮ್ಮೆ ಕುಡಿದು ಸುಮ್ಮನಿರುತ್ತಾರೆ. ನಾಲ್ಕನೆಯವನು ಮಾತ್ರ ಅದರಲ್ಲೇ ಮುಳುಗುತ್ತಾನೆ. ಯಾಕೆ? ಅದು ಅವನ ಬುದ್ಧಿಯ ತಪ್ಪೋ, ತಂದೆ ಅಜ್ಜರಿಂದ ಬಂದ ಮೈಗುಣವೋ? ಇದನ್ನು ತಿಳಿಯಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನಲ್ಲಿ ಕೆಲವು ಮನೆತನಗಳ ನಕಾಶೆ ಬರೆಯುವುದೆಂದು ಹೊರಟರು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಕುಡಿತಕ್ಕೆ ದಾಸರಾದವರ ಚೌಕಕ್ಕೆ ಕರಿ ಮಸಿ. ಜೊತೆಗೆ ಓಡಾಡಲು ನಾನು.

ಮೊದಲ ದಿನವೇ ಒಂದು ಪಾಠವಾಯಿತು. ಸಿಂದಗಿ ತಾಲೂಕಿನ ಒಂದು ಹಳ್ಳಿ. ಮಟಮಟ ಮಧ್ಯಾಹ್ನ ಒಬ್ಬ ಗೋಡೆ ಹಿಡಿದು ನಿಂತಿದ್ದ. ಡಾಕ್ಟರು ಮೆತ್ತಗೆ, "ತಾವು ಕುಡೀತೀರಾ?" ಎಂದರು.

"ಯಾರ್ರಿ, ನಾನಾ? ಶರಣ್ರೀ ಯಪ್ಪಾ, ಚಾ ಸೈತ ಮುಟ್ಟಂಗಿಲ್ಲ!" ಎಂದು ಅವನು ಗೋಡೆ ಬಿಟ್ಟು ಎರಡೂ ಕೈ ಜೋಡಿಸಿದ. ಜೋಡಿಸಿದವನೇ ಧೊಪ್ಪನೆ ಬಿದ್ದ. ಡಾಕ್ಟರು ಫಾರ್ಮಿನಲ್ಲಿ 'ಕುಡಿಯುವುದಿಲ್ಲ ಎನ್ನುತ್ತಾರೆ' ಎಂದು ಬರೆದುಕೊಂಡರು.

ಗಂಡಸರನ್ನು ಕೇಳಿದರೆ ನಾಲ್ಕು ತಾಲೂಕಿನಲ್ಲಿ ಒಬ್ಬನೂ ಕುಡಿಯುವುದಿಲ್ಲ. ಹೆಂಗಸರನ್ನು ಕೇಳಿದರೆ ಕುಡಿಯದವನೇ ಇಲ್ಲ. "ಹೆಂಗಸರನ್ನ ನೀವೇ ಕೇಳಿ ಶಾಂತಾಬಾಯಿ, ನನಗೆ ಅವರ ಮಾತು ಅರ್ಥ ಆಗಲ್ಲ," ಎಂದರು ಡಾಕ್ಟರು. ಅದು ಸುಳ್ಳಲ್ಲ. ಝಳಕಿಯಲ್ಲಿ ಒಬ್ಬಳನ್ನು ಅವರೇ ಕೇಳಲು ಹೋಗಿ ಏನಾಯಿತು ಕೇಳಿ. ನಮ್ಮ ಕಡೆ ಸೆರೆ ಅಂದರೆ ಸಾರಾಯಿ. ಅವರ ಕಡೆ ಸೆರೆ ಅಂದರೆ ಜೈಲು.

"ನಮ್ಮ ಮನಿಯವ್ರು ಹತ್ತು ವರ್ಷದಿಂದ ಸೆರೆದಾಗ ಬಿದ್ದಾರ್ರೀ," ಎಂದಳು ಆಕೆ.

"ಅಯ್ಯೋ ಪಾಪ. ಏನು ಮಾಡಿದ್ರಮ್ಮಾ?"

"ಮಾಡೂದೇನೈತ್ರಿ, ಇದ್ದ ಹೊಲಾ ಅರ್ಧಾ ಮಾರಿದ್ರು."

"ಬಿಡುಗಡೆ ಯಾವಾಗ?"

"ಬಿಡೂ ಲಕ್ಷಣ ಅಂತೂ ಕಾಣವಲ್ದು ನೋಡ್ರಿ."

ಡಾಕ್ಟರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಆ ಗಂಡ ತೂರಾಡುತ್ತ ಓಣಿಯ ತಿರುವಿನಲ್ಲಿ ಕಂಡ. "ಬಂದ್ರು ನೋಡ್ರಿ," ಎಂದಳು. ಡಾಕ್ಟರು ಗಡಬಡಿಸಿ ಎದ್ದು ನಿಂತು, "ಅರೆ, ಇವತ್ತೇ ಬಿಟ್ಟುಬಿಟ್ರಾ!" ಎಂದು ಅವನ ಕೈ ಕುಲುಕಿದರು. ಆ ಪುಣ್ಯಾತ್ಮ ಯಾಕೆ ಏನು ಎಂದು ಕೇಳದೆ ಡಾಕ್ಟರನ್ನೇ ಅಪ್ಪಿಕೊಂಡ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಸ್ಸಿನಲ್ಲಿ ಅರ್ಥ ಹೇಳಿದ ಮೇಲೆ ಡಾಕ್ಟರೂ ನಕ್ಕರು, ಇಂಡಿ ಬರುವತನಕ.

ಬಾಗೇವಾಡಿಯಲ್ಲಿ ಮತ್ತೊಂದು. ನಮ್ಮ ಭಾಗದಲ್ಲಿ ಅಡ್ಡಹೆಸರು ಎಂಥೆಂಥವು ಇರುತ್ತವೆಂದು ಹೇಳಬೇಕಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಣ್ಣಿ, ತುಪ್ಪದ. ಡಾಕ್ಟರು ಮತದಾರರ ಯಾದಿಯಲ್ಲಿ 'ತಂಬಾಕದ' ಎಂಬ ಮನೆತನ ನೋಡಿದವರೇ, ಕೇಳುವುದೇನಿದೆ ಎಂದು ಮೂರು ತಲೆಮಾರಿಗೂ ತಂಬಾಕಿನ ಗುರುತು ಹಾಕಿಕೊಂಡು ಹೋಗಿದ್ದರು. ಆ ಮನೆಯ ಮುದುಕ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಕೇಳಿದ: "ಡಾಕ್ಟರ್ ಸಾಹೇಬ್ರ, ನಮ್ಮ ಮುತ್ಯಾ ತಂಬಾಕ ಮಾರತಿದ್ದ, ತಿಂತಿದ್ದಿಲ್ಲ. ಹೆಸರು ನೋಡಿ ಬರಕೊಳ್ಳೂದಾದ್ರ ಬಾಜೂಮನಿಯವರು 'ಹುಲಿ' ಅಂತ ಅದಾರ. ಅವರ ಮನಿಗೆ ಬಂದೂಕ ತೊಗೊಂಡ ಹೋಗತೀರೇನು?"

ಇಷ್ಟೆಲ್ಲ ಡಾಕ್ಟರ ತಪ್ಪು. ಹೇಳಿ ನಗುವುದು ಸುಲಭ. ಈಗ ನನ್ನದಕ್ಕೆ ಬರುತ್ತೇನೆ.

ಇಂಡಿ ತಾಲೂಕಿನಲ್ಲೇ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯ ಮಂದಿ ಇನ್ನೂ ಇದ್ದಾರೆ. ಅಲ್ಲಿ ಒಂದು ದೊಡ್ಡ ಮನೆತನ. ಅಣ್ಣ ತಮ್ಮಂದಿರು ಪಾಲಾಗಿ ಓಣಿಗೊಂದು ಮನೆ ಮಾಡಿಕೊಂಡಿದ್ದರು. ಹೊಲ, ಕುರಿ, ತಕ್ಕಮಟ್ಟಿಗೆ ಅನುಕೂಲವಂತರು. ನಾನು ವಾರಕ್ಕೊಂದು ಮನೆಯಂತೆ ಹೋಗಿ ಹೆಂಗಸರ ಹತ್ತಿರ ಕೂತು ಫಾರ್ಮು ತುಂಬಿದೆ.

ಮೊದಲನೆಯ ಮನೆಯಲ್ಲಿ ನೀಲವ್ವ ಎಂಬ ಸೊಸೆ ಜೋಳ ಹಸನು ಮಾಡುತ್ತಿದ್ದಳು. ಫಾರ್ಮಿನಲ್ಲಿ ಎರಡು ಭಾಗ. ತವರಿನ ಕಡೆ ಯಾರು ಕುಡಿಯುತ್ತಾರೆ, ಗಂಡನ ಕಡೆ ಯಾರು ಕುಡಿಯುತ್ತಾರೆ.

"ತವರಮನಿ ಕಡೆ ನಮ್ಮ ಸ್ವಾದರಮಾವ ಕುಡೀತಾರ್ರಿ," ಎಂದಳು.

"ಗಂಡನ ಕಡೆ?"

"ನಮ್ಮ ಮಾವಾರು ಕುಡೀತಾರ್ರಿ."

"ಹೆಸರು?"

ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾವನ ಹೆಸರು ಸೊಸೆ ಹೇಳುತ್ತಾಳೆಯೇ? ನಾನೂ ಅದೇ ನೆಲದಲ್ಲಿ ಹುಟ್ಟಿ ಬೆಳೆದವಳು. ಕೇಳಿದ್ದೇ ನನಗೆ ನಾಚಿಕೆಯಾಯಿತು. ಸೋದರಮಾವನ ಹೆಸರನ್ನೂ ಕೇಳದೆ ಎರಡೂ ಕಾಲಮ್ಮಿನಲ್ಲಿ ಒಂದೊಂದು ಗೆರೆ ಎಳೆದು ಮುಂದಕ್ಕೆ ಹೋದೆ. ಎರಡನೆಯ ಮನೆಯ ಹೆಂಗಸು, "ನಮ್ಮ ಭಾವಾರು ಕುಡೀತಾರ್ರಿ," ಎಂದಳು. ಗಂಡನ ಅಣ್ಣ, ಹೆಸರು ಹೇಳುವ ಹಾಗಿಲ್ಲ, ಗೆರೆ. ಅವಳ ಸೊಸೆ ಬೇರೆ ಮನೆ ಮಾಡಿದ್ದಳು. ಅವಳು, "ನಮ್ಮ ದೊಡ್ಡಮಾವಾರು," ಎಂದಳು. ಗೆರೆ. ಹೊಲದ ಮನೆಯಲ್ಲಿ ಕಲ್ಲವ್ವ ಎಂಬ ಹಿರಿಯಳು ಸಿಕ್ಕಳು, ಯಾರಿಗೆ ಏನಾಗಬೇಕೆಂದು ನಾನು ಕೇಳಲಿಲ್ಲ. "ಯಾರಂತ ಹೇಳ್ಲೆವ್ವಾ, ನಮ್ಮ ಮನಿಯವ್ರ," ಎಂದು ಹಣೆ ಬಡಿದುಕೊಂಡಳು. ಇನ್ನೊಂದು ಗೆರೆ.

ನಾಲ್ಕು ಫಾರ್ಮು, ಐದು ಗೆರೆ. ಡಾಕ್ಟರು ಅವನ್ನೆಲ್ಲ ಜೋಡಿಸಿ ಒಂದು ದೊಡ್ಡ ಹಾಳೆಯಲ್ಲಿ ಮನೆತನದ ನಕಾಶೆ ಬರೆದರು. ಐದು ಕರಿ ಚೌಕ, ಅಲ್ಲೊಂದು ಇಲ್ಲೊಂದು, ತವರಿನ ಕಡೆಗೂ ಗಂಡನ ಕಡೆಗೂ. ಡಾಕ್ಟರು ಚಿಕ್ಕ ಹುಡುಗನ ಹಾಗೆ ಹಿಗ್ಗಿದರು. "ನೋಡಿ ಶಾಂತಾಬಾಯಿ, ಎಷ್ಟು ಸ್ಪಷ್ಟವಾಗಿ ವಂಶದಲ್ಲಿ ಹರಿದು ಬಂದಿದೆ!" ನಾನೂ ಹಿಗ್ಗಿದೆ. ನಕಾಶೆಯನ್ನು ದವಾಖಾನೆಯ ಹಿಂದಿನ ಕೋಣೆಯ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಹುಡುಗಿಯರೇ, ಒಂದು ಮನೆಯ ಮಾತನ್ನು ಗೋಡೆಗೆ ತೂಗುಹಾಕಬಾರದು. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಅಷ್ಟು ಬುದ್ಧಿ ನನಗಿರಬೇಕಿತ್ತು.

ಒಂದು ದಿನ ಬೆಳಿಗ್ಗೆ ದವಾಖಾನೆಯ ಮುಂದೆ ನೀಲವ್ವ ಬಂದು ನಿಂತಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಸೆರಗು ಬಿಗಿದು ಬಂದ ಹೆಂಗಸಿಗೆ ಮೊದಲು ಕುರ್ಚಿ ಕೊಡಬೇಕು ಎಂಬುದು ನನ್ನ ಅನುಭವ. ಕೊಡುವಷ್ಟರಲ್ಲಿ ಶುರುವಾಯಿತು.

"ನರ್ಸಬಾಯಾರ, ನಮ್ಮ ಮನಿತನದಾಗ ಐದು ಮಂದಿ ಕುಡಕರು ಎಲ್ಲಿ ಅದಾರ್ರಿ? ತೋರಸ್ರಿ ನೋಡೋಣು! ಇರೂ ಒಬ್ಬರನ್ನ ಸಂಭಾಳಸೂದ್ರಾಗ ನಮ್ಮ ಹೆಣಾ ಬಿದ್ದು ಹೋಗೇತಿ. ಇನ್ನ ನಾಕ ಮಂದೀನ ನೀವು ಎಲ್ಲಿಂದ ತಂದ್ರಿ?"

ಸಂಗತಿ ಹೀಗಿತ್ತು. ನೀಲವ್ವನ ಮೈದುನ ಮಲ್ಲಪ್ಪ ಆಲಮಟ್ಟಿಯ ಆಣೆಕಟ್ಟಿನ ಕೆಲಸದಲ್ಲಿ ಕೂಲಿಯವರ ಮೇಲ್ವಿಚಾರಕ, ಮುಕಾದಮ್ ಆಗಿದ್ದ. ಅವನಿಗೆ ಮುದ್ದೇಬಿಹಾಳದ ಚನ್ನಬಸಪ್ಪ ಮಾಸ್ತರರ ಮಗಳು ಗಿರಿಜಾ ನಿಶ್ಚಯವಾಗುವುದರಲ್ಲಿದ್ದಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಮನೆತನ ಹೇಗಿದೆ ಎಂದು ಕೇಳಲು ಮಾಸ್ತರರು ಇಂಡಿಗೆ ಬಂದವರು, ಗುರುತಿನವನೆಂದು ನಮ್ಮ ಕಂಪೌಂಡರ್ ಗುರುಲಿಂಗಪ್ಪನನ್ನು ಕಂಡರು. ಗುರುಲಿಂಗಪ್ಪನಿಗೆ ಔಷಧದ ಬಾಟಲಿಗೆ ಬೂಚು ಹಾಕುವುದು ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. "ನಾ ಯಾಕ ಹೇಳ್ಲಿರಿ ಮಾಸ್ತರ, ಸರ್ಕಾರಿ ನಕಾಶೇನ ಐತಿ, ಬರ್ರಿ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿಬಿಟ್ಟ. ಮಾಸ್ತರರು ಕನ್ನಡಕ ಏರಿಸಿ ಕರಿ ಚೌಕ ಎಣಿಸಿದರು. ಚಹಾ ಕೂಡ ಕುಡಿಯದೆ ಮುಂದಿನ ಬಸ್ಸಿಗೆ ಊರಿಗೆ ಹೋದರು. ಲಗ್ನ ಬೇಡ ಎಂದು ಕಾಗದ ಬಂತು.

ಇಷ್ಟೆಲ್ಲ ಕೇಳಿಸಿಕೊಂಡೆ. ಆದರೂ ಜಂಬ ಬಿಡಲಿಲ್ಲ. "ನೀನ ಹೇಳೀಯಲ್ಲವ್ವಾ ನೀಲವ್ವ. ಸ್ವಾದರಮಾವ ಒಬ್ಬ, ಮಾವ ಒಬ್ಬ."

ನೀಲವ್ವ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಬಾಯಾರ, ನಮ್ಮವ್ವನ ತಮ್ಮನ ಮಗಗ ನನ್ನ ಕೊಟ್ಟಾರ. ಸ್ವಾದರಮಾವಾರೂ ಅವರ, ಮಾವಾರೂ ಅವರ!"

ಆಗ ನನ್ನ ತಲೆಯಲ್ಲಿ ಗಂಟೆ ಬಾರಿಸಿತು. ಮಾವ ಅವನೇ ಆದರೆ ಭಾವ ಯಾರು? ದೊಡ್ಡಮಾವ ಯಾರು? ಚೀಲ ತೆಗೆದುಕೊಂಡು ನೀಲವ್ವನ ಜೊತೆಗೇ ಹೊರಟೆ. ಆ ಹೆಂಗಸರಿಂದ ಹೆಸರು ಹೊರಡಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನೆನಪಾಯಿತು: ಒಡಪು! ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಹೆಂಗಸರು ಮದುವೆ ಮುಂಜಿಯಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರಲ್ಲ. ಸೊಸೆಯರನ್ನು ಬಿಟ್ಟು ನೇರ ನೀಲವ್ವನ ಅತ್ತೆಯ ಹತ್ತಿರ ಹೋದೆ. ನೋಡಿದರೆ ಅದೇ ಕಲ್ಲವ್ವ.

"ಕಲ್ಲವ್ವಕ್ಕ, ನಿಮ್ಮ ಮನಿಯವರ ಹೆಸರು ಒಂದ್ ಒಡಪು ಹಾಕಿ ಹೇಳಬೇ."

"ಏ ಬಾಯಾರ, ಈ ವಯಸ್ಸಿನ್ಯಾಗ ನನ್ನ ಕಡೆ ಒಡಪು ಹಾಕಸತೀರೇನು?" ಎಂದು ನಾಚಿದಳು. ನಾಚಿಕೆ ಮುಗಿದ ಮೇಲೆ ಸಿಟ್ಟು ಬಂದಿರಬೇಕು, ಒಂದೇ ಉಸಿರಿಗೆ ಹೇಳಿದಳು:

"ಬಿಳಿಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಲೆ,
ಸೆರೀ ಅಂಗಡ್ಯಾಗ ಹುಡುಕಿದ್ರ ಬಸವಂತಪ್ಪ ಅಲ್ಲೆ!"

ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಉಳಿದವರನ್ನು ಒಬ್ಬೊಬ್ಬರನ್ನಾಗಿ, "ನಿಮ್ಮ ಭಾವ ಅಂದ್ರ ಇವರ ಮನಿಯವ್ರ ಏನ್ರಿ? ನಿಮ್ಮ ದೊಡ್ಡಮಾವ ಅಂದ್ರೂ ಇವರ ಏನ್ರಿ?" ಎಂದು ಕೇಳಿದೆ. ಹೌದ್ರಿ, ಹೌದ್ರಿ. ಸೋದರಮಾವ, ಮಾವ, ಭಾವ, ದೊಡ್ಡಮಾವ, ಗಂಡ. ಐದೂ ಒಬ್ಬನೇ ಬಸವಂತಪ್ಪ. ಅವನು ಕಟ್ಟೆಯ ಮೇಲೆ ಕೂತು ಈ ಪಂಚಾಯ್ತಿಯೆಲ್ಲ ಕೇಳುತ್ತಿದ್ದ. "ಭಲೇ! ನಾ ಒಬ್ಬಾವ ಐದು ಮಂದೀದು ಕುಡದೇನಂದ್ರ ನನಗ ಮೆಡಲ್ ಕೊಡ್ರಿ ನರ್ಸಬಾಯಾರ," ಎಂದು ದೊಡ್ಡದಾಗಿ ನಕ್ಕ. ಎಲ್ಲರೂ ನಕ್ಕರು, ನೀಲವ್ವ ಒಬ್ಬಳನ್ನು ಬಿಟ್ಟು. "ನಗೂದು ಬಿಟ್ಟು ಲಗ್ನಾ ಉಳಸ್ರಿ ಮದ್ಲ," ಎಂದಳು ಆಕೆ. ಮಲ್ಲಪ್ಪ ಆಲಮಟ್ಟಿಯಲ್ಲಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ನನಗೆ ಅಲ್ಲೇ ಅಳು ಬಂತು. ಕಣ್ಣಿಗೆ ಹೊಟ್ಟು ಬಿತ್ತು ಎಂದು ಒರೆಸಿಕೊಂಡೆ.

ಡಾಕ್ಟರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕಾಶೆಯ ಮುಂದೆ ನಿಂತು ನಾಲ್ಕು ಚೌಕಕ್ಕೆ ಕಾಟು ಹಾಕಿದರು. "ಹೆಸರಿಲ್ಲದ ಐದು ಜನರನ್ನ ಐದು ಜನ ಅಂತ ನಂಬಿದವನು ನಾನು. ನಮ್ಮ ಕಡೆನೂ ಸೋದರಮಾವನ ಮಗನಿಗೆ ಹೆಣ್ಣು ಕೊಡ್ತಾರೆ, ನನಗೆ ಹೊಳೀಬೇಕಿತ್ತು. ನಡೀರಿ, ಮುದ್ದೇಬಿಹಾಳಕ್ಕೆ ಹೋಗಿ ಕ್ಷಮೆ ಕೇಳೋಣ." ಮೇಲಿನವರು ಎಂದರೆ ಹೀಗಿರಬೇಕು. ಆಮೇಲೆ ಎಷ್ಟೋ ಮೇಲಿನವರನ್ನು ನೋಡಿದೆ, ತಪ್ಪು ಕೆಳಕ್ಕೆ ಜಾರಿಸುವುದರಲ್ಲಿ ಒಬ್ಬರಿಗಿಂತ ಒಬ್ಬರು ಶಾಣ್ಯಾರು.

ಆದರೆ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು. "ಸಾಹೇಬ್ರ, ಅಲ್ಲಿ ಹೋಗಿ ಒಂದ ಮಾತು ಅಂದುಬಿಡ್ರಿ. ರಕ್ತದಾಗ ಏನೂ ಬರೂದಿಲ್ಲ, ಚಿಂತಿ ಮಾಡಬ್ಯಾಡ್ರಿ ಅಂತ," ಎಂದೆ ನಾನು.

"ಅದು ಸುಳ್ಳಾಗತ್ತಲ್ಲಮ್ಮ."

"ಸುಳ್ಳಾದ್ರ ಏನಾತ್ರಿ? ಸಾವಿರ ಸುಳ್ಳು ಹೇಳಿ ಒಂದು ಲಗ್ನಾ ಮಾಡು ಅಂತಾರ. ನಿಮಗ ಒಂದು ಹೇಳಾಕ ಆಗೂದಿಲ್ಲೇನು?"

"ಆ ಹುಡುಗಿಗೆ ನಾಳೆ ಏನಾದ್ರೂ ಆದ್ರೆ?"

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಮಾಸ್ತರರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನಾವು ಬರುತ್ತೇವೆಂದು ಹೇಳಿ ಕಳಿಸಿದ್ದರಿಂದ ಆಲಮಟ್ಟಿಯಿಂದ ಮಲ್ಲಪ್ಪನೂ, ಊರಿಂದ ಬಸವಂತಪ್ಪನೂ ಬಂದಿದ್ದರು. ಬಸವಂತಪ್ಪ ಅಂದು ಒಂದು ಹನಿಯೂ ಮುಟ್ಟಿರಲಿಲ್ಲ. ಬಿಳಿ ಧೋತರ, ರುಮಾಲು. ಕುಡಿಯದ ಅವನನ್ನು ನಾನು ನೋಡಿದ್ದು ಅದೇ ಮೊದಲು. ಚಹಾ ಕೊಟ್ಟರೆ ಬಸಿಯ ಮೇಲೆ ಕಪ್ಪು ಕಟಕಟ ಅನ್ನುತ್ತಿತ್ತು. ಒಂದು ದಿನದ ಕುಡಿತ ತಪ್ಪಿದ ಕೈ, ಎರಡರಿಂದ ಹಿಡಿದರೂ ನಿಲ್ಲಲಿಲ್ಲ. ಕೆಳಗಿಟ್ಟು ಕೈಗಳನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡ. ಒಳಬಾಗಿಲಿನ ಹಿಂದೆ ಬಳೆಯ ಸಪ್ಪಳವಾಯಿತು. ಗಿರಿಜಾ ಅಲ್ಲೇ ನಿಂತಿದ್ದಳು.

ಡಾಕ್ಟರು ತಪ್ಪನ್ನೆಲ್ಲ ಹೇಳಿ ಕ್ಷಮೆ ಕೇಳಿದರು. ಮಾವ, ಭಾವ, ದೊಡ್ಡಮಾವ ಕೇಳಿ ಮಾಸ್ತರರಿಗೂ ನಗು ಬಂತು. ಆದರೆ ಅವರು ಲೆಕ್ಕದ ಮಾಸ್ತರರು.

"ನಾಕ ಮಂದಿ ಕಡಿಮಿ ಆದ್ರು, ಸಂತೋಷ. ಉಳದಾವ ಒಬ್ಬಾವ ಹುಡುಗನ ತಂದೀನ ಅಲ್ರಿ? ಅದಕ್ಕ ಕೇಳತೇನಿ. ಇದು ರಕ್ತದಾಗ ಬರತೈತೋ ಇಲ್ಲೋ? ಹೌದು ಅಲ್ಲ ಅಂತ ಒಂದು ಮಾತು ಹೇಳ್ರಿ."

ನಾನು ಡಾಕ್ಟರನ್ನು ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ.

"ಕುಡಿತ ರಕ್ತದಲ್ಲಿ ಬರಲ್ಲ ಮೇಷ್ಟ್ರೇ. ಕುಡಿದರೆ ನಿಲ್ಲಿಸೋದು ಕಷ್ಟ ಆಗೋ ಅಂಥ ಮೈ ಬರಬಹುದು. ಎಲ್ಲ ಮಕ್ಕಳಿಗೂ ಬಂದೇ ಬರುತ್ತೆ ಅಂತ ಇಲ್ಲ. ಬಂದವನೂ ಮುಟ್ಟದೇ ಇದ್ದರೆ ಅದು ಅವನಿಗೆ ಏನೂ ಮಾಡಲ್ಲ. ಆದ್ರೆ ಬೇರೆ ಹುಡುಗರಿಗಿಂತ ಇವರಿಗೆ ಅಪಾಯ ಜಾಸ್ತಿ. ಇದನ್ನ ಮುಚ್ಚಿಟ್ಟು ನಿಮ್ಮ ಮಗಳನ್ನ ಕೊಡಿ ಅಂತ ನಾನು ಹೇಳಲಾರೆ."

"ಅಂದ್ರ ಇಳುಕಲಿನ್ಯಾಗ ಬ್ರೇಕ್ ಇಲ್ಲದ ಬಂಡಿ."

"ಬ್ರೇಕ್ ಸಡಿಲ ಇರೋ ಬಂಡಿ. ಇಳಿಜಾರಿಗೆ ಹೋಗದಿದ್ದರೆ ಅದೂ ಚೆನ್ನಾಗೇ ಓಡತ್ತೆ."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತ ಕೂತರು. ಮುಗಿಯಿತು ಎಂದುಕೊಂಡೆ. ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ಸತ್ಯವಂತನಿಗೆ ಯಾರು ಹೆಣ್ಣು ಕೊಟ್ಟರೋ ಎಂದು ಮನಸ್ಸಿನಲ್ಲೇ ಬೈದೆ.

ಮಲ್ಲಪ್ಪ ಅಲ್ಲಿಯತನಕ ಜಮಖಾನೆಯ ಅಂಚನ್ನೇ ನೋಡುತ್ತಿದ್ದ. ಈಗ ತಲೆ ಎತ್ತಿದ. "ಮಾಸ್ತರ, ನಾ ಒಂದು ಮಾತು ಹೇಳ್ಲೇನ್ರಿ? ಕೇಳಿದ ಮ್ಯಾಲ ಬ್ಯಾಡ ಅಂದ್ರೂ ಅನ್ರಿ."

"ಹೇಳಪಾ."

"ನಾ ಒಮ್ಮಿ ಕುಡದೇನ್ರಿ."

ಬಾಗಿಲ ಹಿಂದಿನ ಬಳೆ ಸಪ್ಪಳ ನಿಂತಿತು. ಈ ಹುಡುಗನಿಗೂ ಡಾಕ್ಟರ ಗಾಳಿ ಬಡಿಯಿತಲ್ಲಪ್ಪಾ ಎಂದು ನಾನು ಹಣೆಗೆ ಕೈ ಹಚ್ಚಿದೆ.

"ಆಲಮಟ್ಟಿಗೆ ಕೆಲಸಕ್ಕ ಹ್ವಾದ ಹೊಸದಾಗಿ, ಪಗಾರದ ದಿವಸ ಗೆಳ್ಯಾರು ಎಳಕೊಂಡ ಹೋದ್ರು. ಏಳು ಮಂದಿ ಇದ್ವಿ. ಎಲ್ಲಾರೂ ಸಮಸಮಾ ಕುಡದ್ವಿ. ಅವರು ವಾಂತಿ ಮಾಡಿದ್ರು, ಅತ್ರು, ನೆಲಕ್ಕ ಬಿದ್ರು. ನನಗ ಏನೂ ಆಗಲಿಲ್ರಿ. ನೆಟ್ಟಗ ನಡದೆ, ಆರೂ ಮಂದೀನ ಅವರವರ ಶೆಡ್ಡಿಗೆ ಮುಟ್ಟಿಸಿ ಬಂದೆ. ಮರುದಿವಸ ಎಲ್ಲಾರೂ ಶಹಬ್ಬಾಸ್ ಅಂದ್ರು. ಖರೇ ಹೇಳತೇನ್ರಿ, ನನಗ ಅದು ಭಾಳ ಸೇರಿತ್ತು. ಅವರಿಗೆ ಅದನ್ನ ನೆನಸಿದ್ರ ವಾಕರಿಕಿ ಬರತಿತ್ತು, ನನಗ ಬಾಯಾಗ ನೀರು ಬರತಿತ್ತು. ಆಗ ನನಗ ಅಪ್ಪನ ನೆನಪಾತು. ಹೆದರಿದೆ. ಅಂಥಾ ಹೆದರಿಕಿ ನನ್ನ ಜನ್ಮದಾಗ ಆಗಿದ್ದಿಲ್ಲ. ಮತ್ತ ಆ ಕಡೆ ಹೋಗಿಲ್ಲ. ಈಗೂ ಆ ಅಂಗಡಿ ಮುಂದ ಹಾಯಬೇಕಾದ್ರ ಸುತ್ತು ಹಾಕಿ ಹೋಗತೇನಿ. ಮಂದಿ ನಗತಾರ."

ಡಾಕ್ಟರು ಮುಂದಕ್ಕೆ ಬಾಗಿ ಹುಡುಗನನ್ನು ನೋಡುತ್ತಿದ್ದರು. ಇಷ್ಟು ದಿನ ನಾಲ್ಕು ತಾಲೂಕು ತಿರುಗಿ ಕೇಳಿದ್ದಕ್ಕೆ ಉತ್ತರವನ್ನು ಒಬ್ಬ ಮುಕಾದಮ್ ಹೇಳುತ್ತಿದ್ದ.

ಆಗ ಬಸವಂತಪ್ಪ ಬಾಯಿ ತೆಗೆದ. ಕಟ್ಟೆಯ ಮೇಲಿನ ಚೇಷ್ಟೆಯ ದನಿ ಅದಾಗಿರಲಿಲ್ಲ.

"ನನಗೂ ಹಂಗ ಆಗಿತ್ತೋ ಮಲ್ಲೂ."

ಮಲ್ಲಪ್ಪ ಅಪ್ಪನ ಕಡೆ ತಿರುಗಿದ.

"ಮದಲನೇ ದಿವಸ ನನಗೂ ಏನೂ ಆಗಲಿಲ್ಲ. ಎಲ್ಲಾರೂ ಬಿದ್ರು, ನಾ ನೆಟ್ಟಗ ನಿಂತಿದ್ದೆ. ನನ್ನ ಹೆಗಲ ಮ್ಯಾಲ ಹೊತ್ತು ಊರಾಗ ಮೆರಸಿದ್ರು. ಬಸವಂತ್ಯಾ ಗಟ್ಟಿ ಗಂಡಸು ಅಂದ್ರು. ನಾನೂ ಹೌದು ಅಂತ ತಿಳಕೊಂಡೆ. ತಮ್ಮಾ, ಎಲ್ಲಾರಿಗೂ ಆಗಿ ನಿನಗೊಬ್ಬಗ ಆಗವಲ್ದು ಅಂದ್ರ ನೀ ಹೆದರಬೇಕು ಅಂತ ಅವತ್ತ ಯಾರರೆ ಒಬ್ರು ಹೇಳಿದ್ದರ..." ಅಷ್ಟಕ್ಕೆ ನಿಲ್ಲಿಸಿದ. "ಊರು ತುಂಬ ಶಾಣ್ಯಾರಿದ್ರು. ನನಗ ಯಾರೂ ಹೇಳಲಿಲ್ಲ."

ನಾನು ಅವನ ಬಗ್ಗೆ ಎಷ್ಟು ಸಲ ನಕ್ಕಿದ್ದೆ! ಐದು ಗೆರೆ ಎಳೆದಿದ್ದೆ, ಐದು ಸಲ ಅವನ ಚೌಕಕ್ಕೆ ಮಸಿ ತುಂಬಿಸಿದ್ದೆ. ಒಂದು ಸಲವೂ ಅವನನ್ನೇ ಕೂರಿಸಿಕೊಂಡು, ನಿನಗೆ ಹೇಗೆ ಶುರುವಾಯಿತಪ್ಪಾ ಎಂದು ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಬಸವಂತಪ್ಪ ಮಾಸ್ತರರ ಕಡೆ ತಿರುಗಿದ. "ಮಾಸ್ತರ, ನನ್ನ ಮಗ ಶಾಣ್ಯಾ, ತಾನ ತಿಳಕೊಂಡ. ನಿಮ್ಮ ಮಗಳನ್ನ ಕೊಡ್ರಿ ಅಂತ ಕೇಳೂ ಮಾರಿ ನನಗಿಲ್ಲ. ಬ್ಯಾರೆ ಯಾವ ಹುಡುಗೀನರೆ ಬರಲಿ. ಆದ್ರ ಇವಗ ಒಂದು ಗಂಡಹುಡುಗ ಹುಟ್ಟಿ, ಅದು ದೊಡ್ಡಾವಾಗಿ, ಗೆಳ್ಯಾರ ಜೋಡಿ ಹೋಗಿ ನೆಟ್ಟಗ ನಡಕೋತ ಮನಿಗೆ ಬಂದ್ರ ಅವಗ ಯಾರು ಹೇಳಬೇಕು? ನಾ ಅಂತೂ ಅಲ್ಲೀತನಾ ಇರಂಗಿಲ್ಲ."

"ನಾ ಹೇಳತೇನ್ರಿ."

ದನಿ ಬಾಗಿಲ ಹಿಂದಿನಿಂದ ಬಂತು. ಗಿರಿಜಾ ಹೊಸ್ತಿಲಿಗೆ ಬಂದು ನಿಂತಿದ್ದಳು. ಬಡಕಲು ಹುಡುಗಿ, ಮೂಗಿನ ಮೇಲೆ ಬೆವರು.

ಮಾಸ್ತರರು ಗಾಬರಿಯಾದರು. "ಏ ಹುಡುಗೀ, ನಾ ಇನ್ನಾ ಲಗ್ನಕ್ಕ ಹೂಂ ಅಂದಿಲ್ಲ, ನೀ ಆಗಲೇ ಮಗನ ತನಕ ಹೋದಿ?"

"ನೀವ ಹೇಳಿಕೊಟ್ಟಿದ್ದಲ್ರಿ ಅಪ್ಪಾ, ಲೆಕ್ಕದಾಗ ಕಡೀಮೆಟ್ಟಲ ಮದ್ಲ ನೋಡಬೇಕಂತ," ಎಂದಳು ಗಿರಿಜಾ. ಹೊಸ್ತಿಲಿನಿಂದ ಹಿಂದೆ ಸರಿಯಲಿಲ್ಲ. "ನಮ್ಮ ಓಣ್ಯಾಗ ಯಾವುದಕ್ಕೂ ಹೆದರದ ಗಂಡಸರನ್ನ ಭಾಳ ಮಂದೀನ ನೋಡೇನ್ರಿ. ಸಂಜಿಕ ಎಲ್ಲಾರೂ ಗಟಾರದಾಗ ಇರತಾರ. ನನಗ ಹೆದರಿದವರ ಬೇಕು."

ಮಾಸ್ತರರು ಮಗಳನ್ನು ನೋಡಿದರು, ಡಾಕ್ಟರನ್ನು ನೋಡಿದರು, ಕೊನೆಗೆ ಮಲ್ಲಪ್ಪನನ್ನು ಬಹಳ ಹೊತ್ತು ನೋಡಿದರು. "ಸುತ್ತು ಹಾಕಿ ಹೋಗೂದು ಬಿಡಬ್ಯಾಡಪಾ ತಮ್ಮಾ. ಮಂದಿ ನಕ್ರ ನಗಲಿ," ಎಂದರು. ಆಮೇಲೆ ಒಳಗೆ ಮುಖ ಮಾಡಿ, "ಸಕ್ಕರಿ ತರ್ರಿ," ಎಂದು ಕೂಗಿದರು. ನಮ್ಮ ಕಡೆ ಸಕ್ಕರೆ ಹಂಚಿದರೆ ಲಗ್ನ ನಿಶ್ಚಯವಾದ ಹಾಗೆ.

ನಾನು ಡಾಕ್ಟರ ಮುಖ ನೋಡಿದೆ. ಅವರು ಕರವಸ್ತ್ರ ಹುಡುಕುತ್ತಿದ್ದರು. ಬಸ್ಸಿನಲ್ಲಿ ಮಾಡಿದ ಜಗಳಕ್ಕೆ ತಪ್ಪಾಯಿತು ಎನ್ನುವ ಬದಲು ನನ್ನ ಕರವಸ್ತ್ರ ಕೊಟ್ಟೆ.

ಗಿರಿಜಾ ತಾಟು ಹಿಡಿದು ಎಲ್ಲರಿಗೂ ಸಕ್ಕರೆ ಹಂಚುತ್ತ ಬಂದಳು. ಬಸವಂತಪ್ಪ ಧೋತರದಿಂದ ಕೈ ಹೊರಗೆ ತೆಗೆದು ಒಡ್ಡಿದ. ಕೈ ಎಷ್ಟು ನಡುಗಿತೆಂದರೆ ಹಾಕಿದ ಸಕ್ಕರೆಯೆಲ್ಲ ಜಮಖಾನೆಯ ಮೇಲೆ ಚೆಲ್ಲಿತು. ಅವನು ನಾಚಿ ಕೈ ಹಿಂದಕ್ಕೆ ಎಳೆದುಕೊಳ್ಳಹೋದ. ಗಿರಿಜಾ ಬಿಡಲಿಲ್ಲ. ತಾಟು ಕೆಳಗಿಟ್ಟು, ಇನ್ನೊಂದು ಹಿಡಿ ಸಕ್ಕರೆ ಅವನ ಅಂಗೈಗೆ ಹಾಕಿ, ಬೆರಳು ಮಡಚಿ, ನಡುಕ ನಿಲ್ಲುವತನಕ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.